ಬಸ್ಸು ಬಿಟ್ಟು ನಡೆದ ಶನಿವಾರ

ಅಮ್ಮ ನಾಳೆಯ ಪಾಠವನ್ನು ಇವತ್ತು ಸಂಜೆಯೇ ಒಲೆಯ ಮುಂದೆ ಒಂದು ಸಲ ಹೇಳಿ ನೋಡುತ್ತಿದ್ದಳು. ಎಸರು ಕುದಿಯುವುದರೊಳಗೆ ಪಾಠ ಮುಗಿಯಬೇಕು. ಹಿಟ್ಟು ಹಾಕಿ ಮುದ್ದೆಕೋಲು ಹಿಡಿದಳೆಂದರೆ ಆಮೇಲೆ ಮಾತಿಲ್ಲ. ಕೇಳುವವರು ನಾನು ಮತ್ತು ಅಜ್ಜಿ. ಅಮ್ಮ ಕಲಿಸುತ್ತಿದ್ದ ಶಾಲೆಯಲ್ಲೇ ನಾನು ಏಳನೇ ಕ್ಲಾಸು ಓದುತ್ತಿದ್ದುದರಿಂದ ಪ್ರತಿ ಪಾಠವೂ ನನಗೆ ಎರಡು ಸಲ ಆಗುತ್ತಿತ್ತು, ಮನೆಯಲ್ಲಿ 'ಅಮ್ಮ' ಅನ್ನುತ್ತ ಒಂದು ಸಲ, ಶಾಲೆಯಲ್ಲಿ 'ಮಿಸ್' ಅನ್ನುತ್ತ ಇನ್ನೊಂದು ಸಲ. ಅಜ್ಜಿ, ಅಂದರೆ ಅಪ್ಪನ ತಾಯಿ, ಅಕ್ಷರ ಬಾರದವಳು. ಆದರೆ ಅವರೆಕಾಯಿ ಸುಲಿಯುತ್ತ ಕೂತು ಅಕ್ಬರನಿಂದ ಹಿಡಿದು ಕೈಗಾರಿಕಾ ಕ್ರಾಂತಿಯವರೆಗೆ ಎಲ್ಲವನ್ನೂ ಕೇಳಿಸಿಕೊಂಡವಳು. ಅಮ್ಮ ಪಾಂಡವಪುರದ ಕಡೆಯವಳು, ನಾಲೆ ನೀರು ಕಂಡು ಬೆಳೆದವಳು. ನಮ್ಮದು ನಾಗಮಂಗಲ ತಾಲ್ಲೂಕಿನ ಒಣಭೂಮಿ. ರಾಗಿ, ಹುರುಳಿ, ಒಂದು ಮಂದೆ ಕುರಿ. 'ಅನ್ನದ ಸೀಮೆಯೋಳು' ಎಂದು ಅಜ್ಜಿ ಅಮ್ಮನನ್ನು ಆಡಿಕೊಳ್ಳುತ್ತಿದ್ದಳು. ಆದರೆ ಜಗುಲಿಗೆ ಯಾರಾದರೂ ಬಂದು ಕೂತರೆ ಐದು ನಿಮಿಷದೊಳಗೆ 'ನಮ್ ಸೊಸೆ ಮಿಸ್ಸು' ಎಂಬ ಮಾತು ಹೇಗಾದರೂ ಮಾಡಿ ತಂದುಬಿಡುತ್ತಿದ್ದಳು.

ಒಂದು ಸಂಜೆ ಅವಳು ಹೇಳಿ ನೋಡಿದ ಕಥೆ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅಮ್ಮ ಟಿ.ಸಿ.ಎಚ್. ಓದುವಾಗ ಯಾರೋ ಮೇಷ್ಟ್ರು ಹೇಳಿದ್ದಂತೆ. ಅಮೆರಿಕದ ಒಂದು ಊರು. ಬಸ್ಸಿನಲ್ಲಿ ಬಿಳಿಯರಿಗೆ ಮುಂದಿನ ಸೀಟು, ಕರಿಯರಿಗೆ ಹಿಂದಿನದು. ಬಿಳಿಯರಿಗೆ ಸೀಟು ಸಾಲದೆ ಬಂದರೆ ಕರಿಯರು ಎದ್ದು ನಿಲ್ಲಬೇಕು. ಒಂದು ಸಂಜೆ ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಬಂದ ಒಬ್ಬ ಕರಿಯ ಹೆಂಗಸು, ಏಳು ಎಂದರೆ ಏಳಲಿಲ್ಲ. ಪೊಲೀಸರು ಬಂದು ಹಿಡಿದುಕೊಂಡು ಹೋದರು. ಅಲ್ಲಿಂದಾಚೆಗೆ ಆ ಊರಿನ ಕರಿಯರು ಯಾರೂ ಬಸ್ಸು ಹತ್ತಲಿಲ್ಲ. ಮುದುಕರು, ಕೂಲಿಯವರು, ಸ್ಕೂಲಿನ ಮಕ್ಕಳು, ಎಲ್ಲರೂ ಒಂದು ವರ್ಷದ ಮೇಲೆ ನಡೆದೇ ಓಡಾಡಿದರು. ಕೊನೆಗೆ ಕೋರ್ಟು ಅವರ ಪರವಾಗಿ ಹೇಳಿತು. ಅಮ್ಮ ಇದನ್ನು ಹೇಳುವಾಗ ಎಸರು ಉಕ್ಕಿ ಒಲೆಗೆ ಬಿತ್ತು, ಅವಳು ನೋಡಲಿಲ್ಲ. ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು.

"ಅಯ್ಯೋ ಪಾಪ! ಅಂಥಾ ದೊಡ್ ದೇಸ್ದಲ್ಲೂ ಇಂಗ್ ಮಾಡ್ತಾರಾ? ಗಟ್ಟಿಗಿತ್ತಿ ಕಣೆ ಆ ಎಣ್ಣು. ಏಳಾಕಿಲ್ಲ ಅಂದ್ಲಲ್ಲ, ಸರ್‍ಯಾಗ್ ಮಾಡಿದ್ಲು ಬುಡು."

ಅಜ್ಜಿಯ ಈ ಮಾತು ನನಗೆ ಸುಳ್ಳೆನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ. ಅವಳು ಅತ್ತದ್ದು ನಿಜವಾಗಿಯೇ.

ಮಾರನೆಯ ದಿನ ಕ್ಲಾಸಿನಲ್ಲಿ ಕಥೆ ಇನ್ನೂ ಚೆನ್ನಾಗಿ ಬಂತು. ಅಮ್ಮ ಬೆಂಚುಗಳನ್ನು ಬಸ್ಸಿನ ಸೀಟಿನಂತೆ ಜೋಡಿಸಿ ನಮ್ಮನ್ನು ಕೂರಿಸಿದಳು. ನಾನು ಡ್ರೈವರ್, ನಾಗರತ್ನ ಏಳದ ಹೆಂಗಸು. ನಾಗರತ್ನ ನಮ್ಮೂರಿನವಳೇ, ಕಾಲೋನಿಯ ಕೆಂಪಮ್ಮನ ಮಗಳು. ಕೆಂಪಮ್ಮ ನಮ್ಮ ಹೊಲದ ಕಳೆಗೂ ಕುಯ್ಲಿಗೂ ಬರುತ್ತಿದ್ದಳು. ಶಾಲೆಯಲ್ಲಿ ನಾನೂ ನಾಗರತ್ನಳೂ ಒಂದೇ ಬೆಂಚು, ಒಂದೇ ಜಾಮಿಟ್ರಿ ಬಾಕ್ಸು. ನಲ್ಲಿಯ ಪಕ್ಕ ಇರುತ್ತಿದ್ದ ಪ್ಲಾಸ್ಟಿಕ್ ಮಗ್ಗಿನಲ್ಲಿ ಒಬ್ಬರಾದ ಮೇಲೊಬ್ಬರು ನೀರು ಕುಡಿಯುತ್ತಿದ್ದೆವು. ನಾನು 'ಏಳೇ ಮೇಲೆ' ಎಂದು ಗದರಿದಾಗ ಅವಳು ಕೈಕಟ್ಟಿ 'ಏಳಾಕಿಲ್ಲ' ಎಂದಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ಅಮ್ಮನಿಗೆ ಒಂದು ಉಮೇದು ಬಂದಿರಬೇಕು.

"ನಾಳೆ ಶನಿವಾರ. ಬಸ್ಸಲ್ಲಿ ಬರೋ ಮಕ್ಕಳೆಲ್ಲ ಮನೆಗೆ ನಡ್ಕೊಂಡೇ ಹೋಗೋಣ. ನಾನೂ ಬರ್ತೀನಿ. ಅವರು ಒಂದು ವರ್ಷ ನಡೆದ್ರಲ್ಲ, ಒಂದಿನ ನಡೆದು ನೋಡೋಣ ಹೆಂಗಿರ್ತದೆ ಅಂತ."

ಶನಿವಾರ ಅರ್ಧ ದಿನದ ಶಾಲೆ. ಹದಿನೈದು ಹದಿನಾರು ಮಕ್ಕಳು ಹೊರಟೆವು. ದಾರಿಯಲ್ಲಿ ನಾಗಮಂಗಲದ ಬಸ್ಸು ನಮ್ಮನ್ನು ಕಂಡು ನಿಧಾನ ಮಾಡಿತು. ಕಂಡಕ್ಟರು ತಲೆ ಹೊರಗೆ ಹಾಕಿ, "ಯಾಕ್ ಮೇಡಂ, ಹತ್ಕಳಿ ಮೇಡಂ, ಮಕ್ಳು ಬಿಸ್ಲಲ್ಲಿ ಬತ್ತಾವ್ರಲ್ಲ" ಎಂದ. ಅಮ್ಮ ಕೊಡೆ ಅಲ್ಲಾಡಿಸಿ ಬೇಡವೆಂದಳು. ನಾವು ಹೋ ಎಂದು ಕೂಗಿದೆವು. ಮೊದಲ ಮೈಲಿ ಹಾಡು, ಎರಡನೆಯದು ಜಗಳ, ಆಮೇಲೆ ಬರೀ ಬಾಯಾರಿಕೆ. ನಮ್ಮ ಮನೆ ಊರು ಶುರುವಾಗುವಲ್ಲಿ ರಸ್ತೆಯ ಮಗ್ಗುಲಿಗೇ ಇತ್ತು. ಬೇರೆ ಊರಿನ ಮಕ್ಕಳಿಗೆ ಅಲ್ಲಿಂದ ಇನ್ನೂ ಎರಡು ಮೈಲಿ.

"ನಮ್ಮನೆ ಬಂತು. ಎಲ್ಲರೂ ನೀರು ಕುಡ್ಕೊಂಡು ಮುಂದಕ್ಕೆ ಹೋಗೋಣ" ಎಂದಳು ಅಮ್ಮ.

ಈಗ ಯೋಚಿಸಿದರೆ, ನಡೆಯುವ ಉತ್ಸಾಹದಲ್ಲಿ ಅಮ್ಮ ತಾನು ಯಾವ ಮನೆಯ ಸೊಸೆ ಎಂಬುದನ್ನೇ ಮರೆತಿದ್ದಳು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಯಾರೂ ಗೆರೆ ಎಳೆದಿರಲಿಲ್ಲ; ಎಳೆಯುವ ಅಗತ್ಯವಿರಲಿಲ್ಲ. ಕುರಿ ಕೊಳ್ಳಲು ಬರುವವರು ಜಗುಲಿಯವರೆಗೆ, ನೆಂಟರು ನಡುಮನೆಯವರೆಗೆ, ಕೆಂಪಮ್ಮ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನವರೆಗೆ. ಆ ಕಲ್ಲಿನ ಮೇಲೆ ಕೂತು ಅವಳು ಮುದ್ದೆ ಉಣ್ಣುತ್ತಿದ್ದಳು, ಅವಳ ತಟ್ಟೆ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿರುತ್ತಿತ್ತು. ಅಮ್ಮ ಅದನ್ನು ದಿನಾ ನೋಡುತ್ತಿದ್ದಳು. ನೋಡಿ ನೋಡಿ ಅವಳಿಗೂ ಅದು ಕೊಟ್ಟಿಗೆಯ ಗೋಡೆಯಷ್ಟೇ ಆಗಿಹೋಗಿತ್ತು.

ಅಜ್ಜಿಗೆ ಮಕ್ಕಳ ದಂಡು ಕಂಡು ಹಿಗ್ಗು. ಬಿಂದಿಗೆಯನ್ನು ಜಗುಲಿಗೆ ತಂದಿಟ್ಟಳು, ಒಳಗಿಂದ ಬೆಲ್ಲದ ಅಚ್ಚು ತಂದು ಕಲ್ಲಿನಲ್ಲಿ ಒಡೆದಳು. "ಬನ್ರಪ್ಪ, ಬನ್ರವ್ವ, ಬರೀ ನೀರ್ ಕುಡೀಬೇಡಿ, ಬೆಲ್ಲ ಬಾಯ್ಗಾಕ್ಕಳಿ." ಒಬ್ಬೊಬ್ಬರನ್ನೂ ಕೇಳಿದಳು, "ನೀನ್ ಯಾರ್ ಮಗ ಲಾ? ನಿನ್ನೂರ್ ಯಾವ್ದವ್ವ?" ಉತ್ತರ ಕೇಳಿಕೊಂಡು ಚೊಂಬು ಕೈಗೆ ಕೊಟ್ಟಳು. ಹೀಗೆ ಅವಳು ಕೇಳುತ್ತ ಹೋದಂತೆ ಮಕ್ಕಳು ತಾವಾಗಿಯೇ ಎರಡು ಗುಂಪಾದರು. ನಾಗರತ್ನ ಮತ್ತು ಪಕ್ಕದೂರಿನ ಇಬ್ಬರು ಹುಡುಗರು ಜಗುಲಿಯ ಕೆಳಗೆ ಉಳಿದರು. ಅಜ್ಜಿ ಅವರ ಅಂಗೈಗೆ ಬೆಲ್ಲವನ್ನು ಮೇಲಿನಿಂದ ಬಿಟ್ಟಳು. ಬಿಟ್ಟ ಚೂರು ಉಳಿದವರಿಗೆ ಕೊಟ್ಟದ್ದಕ್ಕಿಂತ ದೊಡ್ಡದೇ ಇತ್ತು. ಆಮೇಲೆ ನನ್ನನ್ನು ಕರೆದಳು.

"ಮಗಾ, ಅವ್ರ್‍ಗೆ ನೀನು ಉಯ್ಯಿ."

ನಾನು ಉಯ್ದೆ. ತಡವರಿಸಲಿಲ್ಲ, ಅಮ್ಮನ ಕಡೆ ನೋಡಲೂ ಇಲ್ಲ. ಹೊಲದಲ್ಲಿ ಕೆಂಪಮ್ಮನಿಗೆ ಎಷ್ಟೋ ಸಲ ಉಯ್ದು ಕೈ ಪಳಗಿತ್ತು. ಚೊಂಬು ಎಷ್ಟು ಎತ್ತರದಲ್ಲಿರಬೇಕು, ಧಾರೆ ಎಷ್ಟು ಸಣ್ಣಗಿರಬೇಕು ಎಂದು ನನಗೆ ಗೊತ್ತಿತ್ತು. ನಾನು ಚೊಂಬು ಬಗ್ಗಿಸುವ ಮೊದಲೇ ನಾಗರತ್ನ ಬೊಗಸೆ ಒಡ್ಡಿ ಬಗ್ಗಿ ನಿಂತಿದ್ದಳು. ಮುಂಗೈ ಮೇಲಿಂದ ನೀರು ಹರಿದು ಅವಳ ಲಂಗ ಒದ್ದೆಯಾಯಿತು. ಕುಡಿದು ಮುಗಿಸಿ ತಲೆ ಎತ್ತದೆಯೇ "ಸಾಕು ಕಣೆ" ಎಂದಳು. ಚೊಂಬು ತಾಗದಂತೆ ಉಯ್ದೆನಲ್ಲ ಎಂದು ನನಗೆ ಒಳಗೊಳಗೇ ಸಣ್ಣದೊಂದು ಹೆಮ್ಮೆ ಆಗಿತ್ತು. ಈ ಮಾತನ್ನು ಬರೆಯುವುದೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ.

ಆಮೇಲೆ ಅಮ್ಮನನ್ನು ಕಂಡೆ. ಅವಳು ಮಡಿಚಿದ ಕೊಡೆ ಹಿಡಿದು ದಾಸವಾಳದ ಗಿಡದ ಪಕ್ಕ ನಿಂತಿದ್ದಳು. ಮುಖದ ಬಣ್ಣ ಹೋಗಿತ್ತು. ಏನಾದರೂ ಹೇಳುತ್ತಾಳೆಂದು ಒಂದು ಕ್ಷಣ ಅನ್ನಿಸಿತು.

"ಬೇಗ ಬೇಗ ಕುಡೀರಿ" ಎಂದಳು, "ಬಿಸಿಲು ಏರ್ತದೆ."

ಸೋಮವಾರ ಅಮ್ಮ ನಡಿಗೆಯ ಬಗ್ಗೆ ಹತ್ತು ಸಾಲು ಬರೆಯಿರಿ ಎಂದಳು. ಬರೆಸದೆ ಬಿಡಬಹುದಿತ್ತು, ಯಾಕೆ ಬರೆಸಿದಳೋ. ಸಂಜೆ ನೋಟ್‌ಬುಕ್ಕುಗಳ ಕಟ್ಟು ಮನೆಗೆ ಬಂತು. ನಡುಮನೆಯ ಬಲ್ಬಿನ ಕೆಳಗೆ ಕೂತು ಅಮ್ಮ ಕೆಂಪು ಪೆನ್ನಿನಲ್ಲಿ ತಿದ್ದುತ್ತ ಬಂದವಳು ಒಂದು ಕಡೆ ನಿಂತಳು. ನಾನು ಬೆನ್ನ ಹಿಂದಿನಿಂದ ಇಣುಕಿದೆ. ನಾಗರತ್ನಳ ದುಂಡು ಅಕ್ಷರ. ಬಸ್ಸು ಹತ್ತದೆ ನಡೆದೆವು, ಹಾಡು ಹೇಳಿದೆವು, ಕಾಲು ನೋಯಿತು ಎಂದೆಲ್ಲ ಬರೆದು ಕೊನೆಗೆ ಹೀಗಿತ್ತು: 'ಮಿಸ್ ಮನೆಯ ನೀರು ತಣ್ಣಗಿತ್ತು. ಬೆಲ್ಲವನ್ನೂ ಕೊಟ್ಟರು. ಅಮೆರಿಕದಲ್ಲಿ ನಡೆದು ಹೋಗುವವರಿಗೆ ದಾರಿಯಲ್ಲಿ ಯಾರು ನೀರು ಕೊಡುತ್ತಿದ್ದರು ಎಂದು ಮಿಸ್ ಹೇಳಲಿಲ್ಲ. ಹೇಗೆ ಕೊಡುತ್ತಿದ್ದರು ಎಂದೂ ಹೇಳಲಿಲ್ಲ.'

ಅಮ್ಮ ಪೆನ್ನಿನ ಕ್ಯಾಪು ಹಾಕಿದಳು. ಆ ಪುಟಕ್ಕೆ ಸರಿ ಗುರುತನ್ನೂ ಹಾಕಲಿಲ್ಲ, ತಪ್ಪು ಗುರುತನ್ನೂ ಹಾಕಲಿಲ್ಲ. ಅಜ್ಜಿ ಅಡಿಗೆಮನೆಯಿಂದ "ಉಣ್ಣಾಕ್ ಬರಾಕಿಲ್ವಾ?" ಎಂದು ಕೂಗಿದಳು. ಅವತ್ತು ಹುರುಳಿಕಾಳಿನ ಸಾರು, ಅಮ್ಮನಿಗೆ ಇಷ್ಟವಾದದ್ದು. ಅರ್ಧ ಮುದ್ದೆ ಹಾಗೇ ಬಿಟ್ಟು ಎದ್ದಳು.

ಮಾರನೆಯ ಸಂಜೆ ಬಸ್ಸಿಳಿದವಳು ಮನೆಯ ಕಡೆ ತಿರುಗದೆ ನನ್ನ ಕೈ ಹಿಡಿದುಕೊಂಡು ನೇರ ಕಾಲೋನಿಗೆ ನಡೆದಳು. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ನಾಗರತ್ನಳ ಮನೆ ಒಂದೇ ಅಂಕಣದ್ದು, ಬಾಗಿಲಿಗೆ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದರು. ಕೆಂಪಮ್ಮ ನಮ್ಮನ್ನು ಕಂಡವಳೇ ಸೆರಗು ಎಳೆದುಕೊಂಡು ಎದ್ದು ನಿಂತಳು. ಮಗಳು ಶಾಲೆಯಲ್ಲಿ ಏನೋ ತಪ್ಪು ಮಾಡಿದಳೆಂದುಕೊಂಡಳು. ಅಮ್ಮ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೂತಳು.

"ಒಂದು ಲೋಟ ನೀರು ಕೊಡು ಕೆಂಪಮ್ಮ."

"ಬ್ಯಾಡಿ ಅವ್ವಾರೆ."

"ಬಾಯಾರಿಕೆ ಆಗ್ಯದೆ. ಕೊಡು."

"ನಿಮ್ ದಮ್ಮಯ್ಯ, ಬ್ಯಾಡಿ. ನೀವ್ ಕುಡ್ದು ಎದ್ದೋಯ್ತೀರಿ. ದೊಡ್ಡವ್ವಾರ್‍ಗೆ ಗೊತ್ತಾದ್ರೆ ನಾಳೀಕ್ ನನ್ನ ಕೆಲ್ಸಕ್ ಕರ್‍ಯೋರ್‍ಯಾರು? ನಿಮ್ಗೇನೋ ಪಾಠ, ನಮ್ಗೆ ಒಟ್ಟೆ."

ಅಮ್ಮ ಏಳಬೇಕೋ ಕೂರಬೇಕೋ ತಿಳಿಯದೆ ಕೂತಿದ್ದಳು. ಅಷ್ಟರಲ್ಲಿ ನಾಗರತ್ನ ಒಳಗಿಂದ ಎರಡು ಸ್ಟೀಲ್ ಲೋಟ ತುಂಬಿಸಿ ತಂದಳು. ಕೆಂಪಮ್ಮ ಗದರುವ ಮೊದಲೇ ಅಮ್ಮ ಒಂದನ್ನು ತೆಗೆದುಕೊಂಡು ತುಟಿಗಿಟ್ಟು ಕೊನೆಯವರೆಗೂ ಕುಡಿದಳು. ಇನ್ನೊಂದನ್ನು ನಾಗರತ್ನ ನನ್ನ ಮುಂದೆ ಹಿಡಿದಳು.

"ನಂಗೆ ದಾಹ ಇಲ್ಲ" ಎಂದೆ.

ಗಂಟಲು ಒಣಗಿತ್ತು. ಅದು ಅವಳಿಗೂ ಗೊತ್ತಿತ್ತು, ಬಸ್ಸಿನಲ್ಲಿ ಬರುವಾಗ ಅವಳಿಗೇ ಹೇಳಿದ್ದೆ. ಅವಳು ಲೋಟವನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ನಾಗರತ್ನಳ ಮಾತೇ ಆಡಿದಳು. ಆ ಹುಡುಗಿಯ ತಲೆ ಹೇಗೆ ಓಡುತ್ತದೆ ನೋಡು, ಹತ್ತು ವರ್ಷದಲ್ಲಿ ಯಾವ ಮಕ್ಕಳೂ ನನ್ನನ್ನು ಅಂಥ ಪ್ರಶ್ನೆ ಕೇಳಿಲ್ಲ, ನೀನೂ ಕೇಳಿಲ್ಲ. ಆ 'ನೀನೂ' ಎಂಬ ಮಾತು ನನಗೆ ಚುಚ್ಚಿಕೊಂಡಿತು. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಅಜ್ಜಿ ನನ್ನ ತಲೆಗೆ ಹರಳೆಣ್ಣೆ ಹಚ್ಚಿ ಬಾಚುತ್ತಿದ್ದಳು. ಅಮ್ಮ ಒಳಗೆ ಬಟ್ಟೆ ನೆನೆಸುತ್ತಿದ್ದಳು. ಅಜ್ಜಿ ಏನನ್ನೂ ಕೇಳಿರಲಿಲ್ಲ. ನನ್ನ ಸಿಕ್ಕುಗಳನ್ನು ಬಯ್ಯುತ್ತಿದ್ದಳಷ್ಟೆ.

"ಅಜ್ಜಿ, ಅಮ್ಮ ಕೆಂಪಮ್ಮನ ಮನೇಲಿ ನೀರು ಕುಡುದ್ಲು. ಲೋಟ ಕಚ್ಚಿ ಕುಡುದ್ಲು. ನಾನು ಕುಡೀಲಿಲ್ಲ."

ಬಾಚಣಿಗೆ ನಿಂತಿತು. ಆಮೇಲೆ ಮತ್ತೆ ಚಲಿಸಿತು, ಮೊದಲಿಗಿಂತ ಮೆತ್ತಗೆ. ಅಜ್ಜಿ ಜಡೆ ಪೂರ್ತಿ ಹೆಣೆದು, ಟೇಪು ಕಟ್ಟಿ, "ಓಗ್ ಮಗಾ" ಎಂದಳು. ಅವಳ ಕೈ ನನ್ನ ಕೆನ್ನೆ ಸವರಿತು. ನಾನು ಗೆದ್ದೆ ಅಂದುಕೊಂಡೆ.

ಅಂದು ಮಧ್ಯಾಹ್ನ ಅಜ್ಜಿ ಅಮ್ಮ ಮಾಡಿದ್ದನ್ನು ಉಣ್ಣಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತನ್ನ ಪಾಡಿಗೆ ತಾನು ಬೇಯಿಸಿಕೊಂಡಳು. ಕೂಗಾಟವಿಲ್ಲ, ಬೈಗುಳವಿಲ್ಲ. ಕೂಗಿದ್ದರೆ ಅಮ್ಮ ತಿರುಗಿ ಹೇಳುತ್ತಿದ್ದಳೇನೋ. ಅಪ್ಪ ಕುರಿ ಅಟ್ಟಿಕೊಂಡು ಬಂದವನು ಹಿತ್ತಲ ಹೊಗೆ ನೋಡಿ ಎರಡೂ ಕಡೆ ಕೇಳಿದ. ಅವನು ಕೆಟ್ಟವನಲ್ಲ; ತಾಯಿಗೆ ಎದುರಾಡಲಾರದ ಮನುಷ್ಯ.

"ತಲೆಗೆ ನೀರ್ ಉಯ್ಕೊಂಡು ದೇವ್ರ ತೀರ್ಥ ತಗಂಬುಡು. ಅಲ್ಗೆ ಮುಗೀತದೆ" ಎಂದ ಅಮ್ಮನಿಗೆ.

"ಏನು ಮುಗೀತದೆ?"

"ಮುದ್ಕಿ ಹೊಗೇಲಿ ಕೆಮ್ತಾ ಕೂತವ್ಳೆ. ಅದು ಮುಗೀತದೆ."

ಅಮ್ಮ ಒಪ್ಪಲಿಲ್ಲ. ಒಂದು ವಾರ ಮನೆಯಲ್ಲಿ ಎರಡು ಒಲೆ ಉರಿದವು. ಅಮ್ಮ ಪಾಠ ಹೇಳಿ ನೋಡುವುದನ್ನು ನಿಲ್ಲಿಸಿದಳು. ಮುದ್ದೆಕೋಲಿನ ಸದ್ದು ಬಿಟ್ಟರೆ ಅಡಿಗೆಮನೆಯಲ್ಲಿ ಬೇರೆ ಸದ್ದಿಲ್ಲ. ರಾಗಿ ಕುಯ್ಲು ಬಂತು. ಕೆಂಪಮ್ಮನನ್ನು ಕರೆಯಲಿಲ್ಲ. ನಾವು ಕರೆಯಲಿಲ್ಲವೆಂದು ಊರಿನ ಬೇರೆ ಮನೆಗಳವರೂ ಕರೆಯಲಿಲ್ಲ. ಆ ಸುದ್ದಿ ಕೇಳಿದ ದಿನವೇ ಅಮ್ಮ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಕೂದಲಲ್ಲೇ ಗುಡಿಗೆ ಹೋಗಿ ಬಂದು ಅಜ್ಜಿಯ ಮುಂದೆ ನಿಂತಳು.

"ಅತ್ತೆ, ನಿಮ್ಮಿಷ್ಟದಂಗೆ ಆಯ್ತು. ಕೆಂಪಮ್ಮನ್ನ ಕೆಲ್ಸಕ್ ಕರೀರಿ."

"ನೋಡಾನ ಬುಡು" ಎಂದಳು ಅಜ್ಜಿ. ಹಿತ್ತಲ ಕಲ್ಲುಗಳನ್ನು ತೆಗೆದಳು. ಕೆಂಪಮ್ಮನನ್ನು ಕರೆಯಲಿಲ್ಲ. ಆ ವರ್ಷ ಕೆಂಪಮ್ಮ ಕುಯ್ಲಿನ ಕೂಲಿಗೆ ಕೆ.ಆರ್. ಪೇಟೆಯ ಕಡೆ ಹೋದಳು, ನಾಗರತ್ನಳನ್ನು ನಾಗಮಂಗಲದ ಹಾಸ್ಟೆಲಿಗೆ ಸೇರಿಸಿದಳು. ನನ್ನ ಬೆಂಚಿನಲ್ಲಿ ಜಾಗ ಖಾಲಿಯಾಯಿತು. ಜಾಮಿಟ್ರಿ ಬಾಕ್ಸು ನನಗೊಬ್ಬಳಿಗೇ ಆಯಿತು.

ಅಮ್ಮ ನನ್ನನ್ನು ಕೇಳಿದ್ದು ಎಷ್ಟೋ ದಿನಗಳ ಮೇಲೆ, ಪಡಸಾಲೆಯಲ್ಲಿ ರಾಗಿ ಕೇರುತ್ತ. ಬಯ್ಯುವ ದನಿಯಲ್ಲ.

"ಅಜ್ಜಿ ನಿನ್ನ ಕೇಳಿದ್ರಾ, ಅಮ್ಮ ಎಲ್ಲಿಗೆ ಹೋಗಿದ್ಲು ಅಂತ?"

"ಇಲ್ಲ."

"ಬೇರೆ ಯಾರಾದ್ರೂ ಹೇಳು ಅಂದ್ರಾ?"

"ಇಲ್ಲ."

ಅಮ್ಮ ಮೊರವನ್ನು ಎರಡು ಸಲ ಕೊಡವಿದಳು. ಬೇರೆಯವರು ಹೇಳಿಸಿದ್ದರೆ ಅವರ ಮೇಲೆ ಹಾಕಿ ನನ್ನನ್ನು ಬಿಟ್ಟುಬಿಡಬೇಕೆಂದು ಅವಳು ಕಾದಿದ್ದಳು ಎಂದು ನನಗೆ ಆಗ ತಿಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಅಮ್ಮ ಆ ಕಥೆಯನ್ನು ಮತ್ತೆ ಯಾವ ಕ್ಲಾಸಿನಲ್ಲೂ ಹೇಳಲಿಲ್ಲ. ಪುಸ್ತಕದಲ್ಲಿ ಇದ್ದಷ್ಟನ್ನು ಓದಿಸಿ, ಪ್ರಶ್ನೋತ್ತರ ಬರೆಸಿ, ಗಂಟೆ ಹೊಡೆದ ಕೂಡಲೇ ಹೊರಗೆ ಬರುವ ಮಿಸ್ ಆದಳು.

ಹೇಳುವವಳು ನಾನಾದೆ. ಪಾಂಡವಪುರದ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತೇನೆ. ಬೆಂಚುಗಳನ್ನು ಬಸ್ಸಿನಂತೆ ಜೋಡಿಸಿ, ಏಳದ ಹೆಂಗಸಿನ ಕಥೆಯನ್ನು ಪ್ರತಿವರ್ಷ ಹೇಳುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಚೆನ್ನಾಗಿ ಹೇಳುತ್ತೀರಿ ಎಂದು ಜೊತೆಯ ಮೇಷ್ಟ್ರುಗಳು ಅನ್ನುತ್ತಾರೆ. ಹೋದ ವರ್ಷ ಹೆಣ್ಣುಮಕ್ಕಳಿಗೆ ಇಂಜೆಕ್ಷನ್ ಕೊಡಲು ಆರೋಗ್ಯ ಇಲಾಖೆಯವರು ಬಂದಿದ್ದರು. ಪಟ್ಟಿ ಹಿಡಿದು ನಿಂತ ನರ್ಸು ನನ್ನ ಹೆಸರು ಕೇಳಿ ಕನ್ನಡಕ ತೆಗೆದಳು. ನಾಗರತ್ನ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಸ್ಟಾಫ್ ರೂಮಿನಲ್ಲಿ ಕೂತು ಅರ್ಧ ಗಂಟೆ ಮಾತಾಡಿದೆವು. ನಾನು ಆ ಶನಿವಾರದ ಮಾತು ತೆಗೆದು, ತಪ್ಪಾಯಿತು ಎಂದೆ.

"ನೀರು ಉಯ್ದಿದ್ದಾ? ಅದು ನಂಗೆ ನೆನಪೇ ಇಲ್ಲ ಕಣೆ. ಯಾರ್‍ಯಾರೋ ಉಯ್ದವ್ರೆ, ಯಾವ್ದಂತ ನೆನಪಿಟ್ಕೊಳ್ಳಾನ? ಮಿಸ್ಸು ನಮ್ಮನೇಲಿ ಕುಡುದ್ರಲ್ಲ, ಅದು ನೆನಪದೆ. ಅದುನ್ನ ಎದುರುಮನೆ ಸಣ್ಣಮ್ಮ ನಿಮ್ಮಜ್ಜಿಗೆ ಊದ್ಬುಟ್ಲು. ಬಾಗ್ಲಲ್ಲೇ ಕೂತಿದ್ಲಲ್ಲ ಅವತ್ತು. ನಮ್ಮವ್ವ ಸಾಯೋಗಂಟ ಅವಳ್ಜೊತೆ ಮಾತಾಡ್ನಿಲ್ಲ. ಒಡಹುಟ್ದೋರಂಗಿದ್ರು ಇಬ್ರೂವೆ."

ಅಲ್ಲೇ ಹೇಳಬಹುದಿತ್ತು. ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಮೇಷ್ಟ್ರುಗಳು ಇದ್ದರು ಎಂಬುದು ನೆಪ. ನಾನು "ಹೌದಾ" ಎಂದೆ. ಅವಳ ಫೋನ್ ನಂಬರು ಬರೆದುಕೊಂಡೆ. ಇಪ್ಪತ್ತು ದಿನ ಆ ನಂಬರನ್ನು ನೋಡುತ್ತ ಇದ್ದು, ಕೊನೆಗೆ ಒಂದು ಭಾನುವಾರ ಫೋನ್ ಮಾಡಿ, ನಮಸ್ಕಾರ ಕೂಡ ಹೇಳದೆ, ಸಣ್ಣಮ್ಮ ಅಲ್ಲ ನಾನು ಎಂದೆ. ಯಾರೂ ಕೇಳದೆ, ನಾನಾಗಿಯೇ ಹೇಳಿದೆ ಎಂದೆ.

ಆ ಕಡೆ ಯಾವುದೋ ಮಗು ಅಳುತ್ತಿತ್ತು, ಯಾರೋ ಅದನ್ನು ಎತ್ತಿಕೊಂಡರು.

"ನಂಗ್ಯಾಕ್ ಹೇಳ್ತಿ?" ಎಂದಳು ನಾಗರತ್ನ. "ನಮ್ಮವ್ವ ತೀರೋದ್ಲು. ಸಣ್ಣಮ್ಮ ಇನ್ನೂ ಬದ್ಕವ್ಳೆ. ಕಣ್ ಕಾಣಾಕಿಲ್ಲ, ಕಿವಿ ಕೇಳಿಸ್ತದೆ. ಅವಳ್‍ತವ್ ಬಂದು ಹೇಳು."

ಬರುತ್ತೇನೆ ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ. ಇಲ್ಲಿಂದ ನಮ್ಮೂರಿಗೆ ಒಂದೂವರೆ ಗಂಟೆಯ ದಾರಿ. ಅದಾದ ಮೇಲೆ ಎರಡು ಸಲ ಊರಿಗೆ ಹೋಗಿದ್ದೇನೆ, ಎರಡು ಸಲವೂ ಕಾಲೋನಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದಿದ್ದೇನೆ.